ಮನೆಯೊಳಗಿನ ಜೆಟ್ ವಿಮಾನ ಎಷ್ಟರಮಟ್ಟಿಗೆ ನಿಜ?

ಕಳೆದ ವರ್ಷ ಚಲನಶಾಸ್ತ್ರದ ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದನು. ಅವನ ಮನೆಯ ಕಂಪ್ಯೂಟರಿನಲ್ಲಿ ವಿಮಾನ ನಡೆಸುವುದನ್ನು ಅನುಕರಿಸುವ ಸಿಮ್ಯುಲೇಟರ್ ಒಂದಿದೆ. ಅದಕ್ಕೆ ಅವನು ಪ್ರತ್ಯೇಕವಾಗಿ ಒಂದು ಸಣ್ಣ ಜೆಟ್ ವಿಮಾನವನ್ನು ಕೊಂಡು ಸೇರಿಸಿದ್ದಾನೆ. “ಸಾರ್, ಇದು ನಿಜವಾದ ವಿಮಾನದಂತೆಯೇ ಹಾರುತ್ತದೆಂದು ಎಲ್ಲರೂ ಹೇಳುತ್ತಾರೆ. ಆದರೆ ನಾನು ನಿಜವಾದ ವಿಮಾನವನ್ನು ಎಂದೂ ನಡೆಸಿಲ್ಲವಲ್ಲ! ಅವರು ಹೇಳುವುದು ಸರಿಯೇ ಎಂದು ನಾನು ತಿಳಿಯುವುದು ಹೇಗೆ?” ಎಂಬುದು ಅವನ ಪ್ರಶ್ನೆ.

ಪ್ರಶ್ನೆಯು ನೋಡುವುದಕ್ಕೆ ಆಟದ ವಿಷಯದಂತೆ ತೋರಬಹುದು. ಆದರೆ ಕಾಣದ ವಸ್ತುವೊಂದರ ಪ್ರತಿರೂಪವನ್ನು ಮುಂದಿಟ್ಟುಕೊಂಡು, ಆ ಪ್ರತಿರೂಪವು ಎಷ್ಟು ನಂಬತಕ್ಕದ್ದೆಂದು ನಿರ್ಣಯಿಸುವುದು ವಿಜ್ಞಾನದ ಮುಖ್ಯ ಕೆಲಸಗಳಲ್ಲಿ ಒಂದು. ಪರಮಾಣುವಿನ ಮಾದರಿಯಾಗಲಿ, ಮಳೆಗಾಲದ ಮುನ್ಸೂಚನೆಯ ಲೆಕ್ಕವಾಗಲಿ ಇದೇ ಜಾತಿಗೆ ಸೇರಿದುವು. ಆದುದರಿಂದ ಆ ವಿದ್ಯಾರ್ಥಿಗೆ ಅಂದು ಕೊಡಲಾಗದೆ ಹೋದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ. ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರ ಮತ್ತು ಒಂದು ಕೈಗಡಿಯಾರ, ಇಷ್ಟಿದ್ದರೆ ಓದುಗರು ಈ ಪರೀಕ್ಷೆಗಳನ್ನು ತಾವೇ ಮಾಡಿ ನೋಡಬಹುದು.

ಆಟದ ಸಾಮಾನಿನಿಂದ ಆರಂಭ

ನೆಲದ ಮೇಲೆ ಕುಳಿತು ಹಾರಾಟವನ್ನು ಕಲಿಯುವ ಪ್ರಯತ್ನವು ಹೊಸದಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಆರ್ಗನ್ ಮತ್ತು ಪಿಯಾನೋ ವಾದ್ಯಗಳ ಕಾರ್ಖಾನೆಯಿತ್ತು. ಆರ್ಗನ್ ವಾದ್ಯಕ್ಕೆ ಗಾಳಿಯೂದುವ ತಿದಿಗಳನ್ನೇ ಉಪಯೋಗಿಸಿ, ೧೯೨೯ರಲ್ಲಿ ಲಿಂಕನು ವಾಲಾಡುವ ಒಂದು ಪುಟ್ಟ ವಿಮಾನವನ್ನು ರಚಿಸಿದನು. ಮೊದಮೊದಲು ಅದನ್ನು ಕೊಂಡವರಲ್ಲಿ ಹಲವರು ವಿನೋದೋದ್ಯಾನಗಳ ಒಡೆಯರು. ೧೯೩೪ರಲ್ಲಿ ಅಮೆರಿಕದ ಸೈನ್ಯದ ವಾಯುದಳವು ಅಂಚೆ ಸಾಗಿಸುವ ಹೊಣೆಯನ್ನು ಹೊತ್ತಾಗ, ಮಂಜು ಮೋಡಗಳಲ್ಲಿ ದಿಕ್ಕು ತಪ್ಪಿ ಅನೇಕ ವೈಮಾನಿಕರು ಪ್ರಾಣ ಕಳೆದುಕೊಂಡರು. ಆಗ ಸೈನ್ಯವು ಈ “ಆಟದ ಸಾಮಾನಿ”ನ ಬೆಲೆಯನ್ನು ಅರಿತು ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಲಿಂಕ್ ಯಂತ್ರಗಳು ಕೆಲಸ ಮಾಡಿದುವು.

ಮನೆಯ ಸಿಮ್ಯುಲೇಟರಿನ ವಂಶ ಬೇರೆ. ೧೯೭೫ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಬ್ರೂಸ್ ಆರ್ಟ್‌ವಿಕ್, ಸಣ್ಣ ಕಂಪ್ಯೂಟರಿನಿಂದ ಹಾರಾಟದ ದೃಶ್ಯವನ್ನು ಬರೆಯಿಸುವ ವಿಷಯವಾಗಿ ಪ್ರಬಂಧವನ್ನು ರಚಿಸಿದನು. ಆ ಕೆಲಸವೇ ಬೆಳೆದು ೧೯೮೨ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಹೆಸರಿನಿಂದ ಹೊರಬಂದಿತು. ಅದರ ಹೊಸ ಆವೃತ್ತಿಗಳು ೨೦೨೦ ಮತ್ತು ೨೦೨೪ರಲ್ಲಿ ಬಂದಿವೆ. ಆಸ್ಟಿನ್ ಮೇಯರ್ ಆರಂಭಿಸಿದ ಎಕ್ಸ್-ಪ್ಲೇನ್ ಎಂಬುದು ಇನ್ನೊಂದು ಪ್ರಸಿದ್ಧ ಸಿಮ್ಯುಲೇಟರ್. ಇವುಗಳೊಂದಿಗೆ ಬರುವ ವಿಮಾನಗಳು ಸಾಲದೆಂದು, ಬೇರೆ ಬೇರೆ ಸಂಸ್ಥೆಗಳೂ ಹವ್ಯಾಸಿಗಳೂ ಒಂದೊಂದು ವಿಮಾನವನ್ನೇ ಹಿಡಿದು, ಅದರ ಪ್ರತಿಯೊಂದು ಗುಂಡಿಯನ್ನೂ ಅನುಕರಿಸಿ ಸಿದ್ಧಪಡಿಸುತ್ತಾರೆ. ಇವೇ ಆಡ್-ಆನ್ ವಿಮಾನಗಳು; ನಾವು ಇವನ್ನು ಸೇರ್ಪಡೆ ವಿಮಾನಗಳೆಂದು ಕರೆಯೋಣ.

ಪ್ರಾದೇಶಿಕ ಜೆಟ್ ಎಂದರೇನು?

ದೊಡ್ಡ ನಗರಕ್ಕೂ ಸಣ್ಣ ಊರಿಗೂ ನಡುವೆ ಸುಮಾರು ೫೦ರಿಂದ ೧೦೦ ಪ್ರಯಾಣಿಕರನ್ನು ಒಯ್ಯುವ ಜೆಟ್ ವಿಮಾನಕ್ಕೆ ಪ್ರಾದೇಶಿಕ ಜೆಟ್ ಎಂದು ಹೆಸರು. ಕೆನಡಾದಲ್ಲಿ ನಿರ್ಮಿತವಾದ ಸಿಆರ್‌ಜೆ ವಿಮಾನವು ೧೯೯೧ರಲ್ಲಿ ಮೊದಲು ಹಾರಿತು. ಬ್ರೆಜಿಲಿನ ಎಂಬ್ರೇಯರ್ ೧೪೫ ವಿಮಾನವು ೧೯೯೫ರಲ್ಲಿ. ಎಂಬ್ರೇಯರ್ ೧೭೦ ಎಂಬ ಹೊಸ ಪೀಳಿಗೆಯ ವಿಮಾನ ೨೦೦೨ರಲ್ಲಿ ಬಂದಿತು. ೧೭೫ ಎಂಬುದು ಅದರ ಸ್ವಲ್ಪ ಉದ್ದನೆಯ ತಮ್ಮ. ನಮ್ಮ ನಾಡಿಗೂ ಇವು ಅಪರಿಚಿತವಲ್ಲ. ೨೦೧೯ರಲ್ಲಿ ಸ್ಟಾರ್ ಏರ್ ಸಂಸ್ಥೆಯು ಎಂಬ್ರೇಯರ್ ೧೪೫ ವಿಮಾನದಿಂದ ಬೆಂಗಳೂರು ಹುಬ್ಬಳ್ಳಿಗಳ ನಡುವೆ ಸೇವೆಯನ್ನು ಆರಂಭಿಸಿತು; ೨೦೨೩ರಲ್ಲಿ ಎಂಬ್ರೇಯರ್ ೧೭೫ ಕೂಡ ಅದರ ಪಂಗಡಕ್ಕೆ ಸೇರಿತು.

ಇವುಗಳ ಪ್ರಯಾಣ ಒಂದೆರಡು ಗಂಟೆಗಳೊಳಗೆ ಮುಗಿಯುತ್ತದೆ. ಏರುವುದು, ಇಳಿಯುವುದು, ವೇಗ ಬದಲಿಸುವುದು, ಇವೇ ವೈಮಾನಿಕನ ಕೆಲಸದ ಬಹುಭಾಗ. ಮನೆಯಲ್ಲಿ ಸಂಜೆಯ ಬಿಡುವಿನಲ್ಲಿ ಒಂದು ಪೂರ್ಣ ಪ್ರಯಾಣವನ್ನು ಮುಗಿಸಬಹುದಾದುದರಿಂದ ಹವ್ಯಾಸಿಗಳಿಗೆ ಇವು ಪ್ರಿಯವಾಗಿವೆ. ಜರ್ಮನಿಯ ಏರೋಸಾಫ್ಟ್ ಸಂಸ್ಥೆಯು ೨೦೨೧ರ ಮಾರ್ಚ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಿಮ್ಯುಲೇಟರಿಗಾಗಿ ಸಿಆರ್‌ಜೆ ವಿಮಾನವನ್ನು ಪ್ರಕಟಿಸಿತು. ಎಕ್ಸ್-ಪ್ಲೇನ್‌ಗಾಗಿ ಎಕ್ಸ್-ಕ್ರಾಫ್ಟ್ಸ್ ಎಂಬವರು ಎಂಬ್ರೇಯರ್ ವಿಮಾನಗಳನ್ನು ರಚಿಸಿದ್ದಾರೆ. ಮುಂದೆ ನಾವು ಹೇಳುವ ಪರೀಕ್ಷೆಗಳು ಯಾವುದೋ ಒಂದು ಸಂಸ್ಥೆಯ ಮಾದರಿಯನ್ನು ಉದ್ದೇಶಿಸಿದವಲ್ಲ. ಎಲ್ಲಕ್ಕೂ ಸಮಾನವಾಗಿ ಸಲ್ಲುತ್ತವೆ.

“ನಿಜದಂತಿದೆ” ಎಂಬ ಮಾತಿನ ಮೂರು ಅರ್ಥಗಳು

ಮೊದಲನೆಯದು ಕಣ್ಣಿನ ಹೋಲಿಕೆ. ಬಣ್ಣ, ಗಾಜಿನ ಮೇಲಿನ ಗೀರು, ಆಸನದ ಹೊಲಿಗೆ ಎಲ್ಲವೂ ಛಾಯಾಚಿತ್ರದಂತೆ ಇರಬಹುದು. ಎರಡನೆಯದು ಸಲಕರಣೆಗಳ ಹೋಲಿಕೆ: ಈ ಗುಂಡಿಯನ್ನೊತ್ತಿದರೆ ಆ ದೀಪ ಹತ್ತಬೇಕು, ಬ್ಯಾಟರಿಯನ್ನು ಆರಿಸಿದರೆ ಇಂಥ ಮಾಪಕ ಕತ್ತಲಾಗಬೇಕು. ಮೂರನೆಯದು ಚಲನೆಯ ಹೋಲಿಕೆ: ಗಾಳಿ, ತೂಕ, ಎಂಜಿನುಗಳ ಬಲಕ್ಕೆ ಒಳಗಾದ ವಿಮಾನವು ನಿಜವಾಗಿ ಹೇಗೆ ನಡೆಯುವುದೋ ಹಾಗೆಯೇ ಪ್ರತಿರೂಪವೂ ನಡೆಯಬೇಕು.

ಮೊದಲನೆಯದನ್ನು ಯಾರೂ ನೋಡಿ ಹೇಳಬಹುದು. ಎರಡನೆಯದನ್ನು ವೈಮಾನಿಕರ ಕೈಪಿಡಿಯೊಡನೆ ಹೋಲಿಸಿ ತಿಳಿಯಬಹುದು. ಮೂರನೆಯದು ಮಾತ್ರ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಹವ್ಯಾಸಿಗಳು ಅತ್ಯುತ್ತಮವಾದ ಮಾದರಿಯನ್ನು “ಸ್ಟಡಿ ಲೆವೆಲ್” ಎಂದು ಕೊಂಡಾಡುವುದುಂಟು. ಈ ಮಾತಿಗೆ ಅಳತೆಯಿಂದ ನಿಶ್ಚಯಿಸಿದ ಅರ್ಥವಿಲ್ಲ. ಅನೇಕ ವೇಳೆ ಅದು ಎರಡನೆಯ ಹೋಲಿಕೆಯನ್ನು ಮಾತ್ರ ಹೊಗಳುತ್ತದೆ. ವೈಮಾನಿಕರ ಶಿಕ್ಷಣಕ್ಕೆ ಉಪಯೋಗಿಸುವ ಸಿಮ್ಯುಲೇಟರುಗಳಿಗಾದರೋ ಕಟ್ಟುನಿಟ್ಟಾದ ನಿಯಮಗಳಿವೆ. ನಿಜವಾದ ವಿಮಾನವನ್ನು ಹಾರಿಸಿ ಪಡೆದ ಅಳತೆಗಳೊಡನೆ ಯಂತ್ರದ ಅಳತೆಗಳನ್ನು ಒಂದೊಂದಾಗಿ ಹೋಲಿಸಿ, ಅಂತರವು ಗೊತ್ತುಮಾಡಿದ ಮಿತಿಯೊಳಗೆ ಇದ್ದರೆ ಮಾತ್ರ ಅಂಗೀಕರಿಸುತ್ತಾರೆ. ಅಮೆರಿಕದಲ್ಲಿ ಪೂರ್ಣ ಸಿಮ್ಯುಲೇಟರುಗಳಿಗೆ ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಗಳುಂಟು. ಡಿ ಎಂಬುದೇ ಉತ್ತಮ ದರ್ಜೆ.

ಕಂಪ್ಯೂಟರು ವಿಮಾನವನ್ನು ಹಾರಿಸುವ ಬಗೆ

ವಿಮಾನದ ಮೇಲೆ ನಾಲ್ಕು ಮುಖ್ಯ ಬಲಗಳು ವರ್ತಿಸುತ್ತವೆ: ಭೂಮಿಯ ಸೆಳೆತ, ರೆಕ್ಕೆಯ ಎತ್ತುಬಲ, ಗಾಳಿಯ ತಡೆ, ಎಂಜಿನಿನ ನೂಕುಬಲ. ಇವುಗಳ ಮೊತ್ತವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷವು ದೊರೆಯುವುದೆಂಬುದು ನ್ಯೂಟನ್ನನ ನಿಯಮ. ಕಂಪ್ಯೂಟರು ಒಂದು ಸೆಕೆಂಡಿನ ಮೂವತ್ತನೆಯ ಒಂದು ಪಾಲಿನಷ್ಟು ಅಲ್ಪಕಾಲವನ್ನು ತೆಗೆದುಕೊಂಡು, ಆ ಕ್ಷಣದ ಬಲಗಳಿಂದ ವೇಗೋತ್ಕರ್ಷವನ್ನೂ, ಅದರಿಂದ ಹೊಸ ವೇಗವನ್ನೂ, ವೇಗದಿಂದ ಹೊಸ ಸ್ಥಾನವನ್ನೂ ಲೆಕ್ಕಹಾಕುತ್ತದೆ. ಮತ್ತೆ ಅದೇ ಲೆಕ್ಕ. ೨೫೦ ನಾಟ್, ಎಂದರೆ ಸೆಕೆಂಡಿಗೆ ಸುಮಾರು ೧೨೯ ಮೀಟರ್ ವೇಗದ ವಿಮಾನವು ಇಂಥ ಒಂದು ಹೆಜ್ಜೆಯಲ್ಲಿ ಸುಮಾರು ೪.೩ ಮೀಟರ್ ಮುಂದೆ ಸಾಗುತ್ತದೆ.

ಲೆಕ್ಕದ ಕ್ರಮದಲ್ಲಿ ಕಷ್ಟವಿಲ್ಲ. ಕಷ್ಟವಿರುವುದು ಬಲಗಳನ್ನು ತಿಳಿಯುವುದರಲ್ಲಿ. ರೆಕ್ಕೆಯು ಗಾಳಿಯನ್ನು ಎದುರಿಸುವ ಕೋನವನ್ನು ಎದುರುಕೋನವೆಂದು ಕರೆಯೋಣ. ಪ್ರತಿಯೊಂದು ಎದುರುಕೋನದಲ್ಲಿಯೂ ಎತ್ತುಬಲವೆಷ್ಟು, ತಡೆಯೆಷ್ಟು ಎಂಬ ಕೋಷ್ಟಕ ಬೇಕು. ಒಂದು ಪದ್ಧತಿಯಲ್ಲಿ ಇಡೀ ವಿಮಾನಕ್ಕೆ ಇಂಥ ಕೋಷ್ಟಕಗಳನ್ನು ಬರೆದಿಟ್ಟಿರುತ್ತಾರೆ. ಎಕ್ಸ್-ಪ್ಲೇನ್ ಅನುಸರಿಸುವ ಪದ್ಧತಿಯಲ್ಲಿ ರೆಕ್ಕೆಯನ್ನು ಹಲವು ತುಂಡುಗಳಾಗಿ ಭಾಗಿಸಿ, ಒಂದೊಂದು ತುಂಡಿನ ಬಲವನ್ನೂ ಲೆಕ್ಕಹಾಕಿ ಕೂಡಿಸುತ್ತಾರೆ. ಯಾವ ಪದ್ಧತಿಯಾದರೂ ಕೊನೆಗೆ ಅಂಕೆಗಳು ಬೇಕೇ ಬೇಕು. ವಿಮಾನದ ತಯಾರಕರು ಪರೀಕ್ಷಾ ಹಾರಾಟಗಳಿಂದ ಪಡೆದ ಅಂಕೆಗಳು ಬಹಳ ಬೆಲೆಯುಳ್ಳವು. ಶಿಕ್ಷಣಯಂತ್ರಗಳನ್ನು ಕಟ್ಟುವವರು ಅವನ್ನು ಹಣ ಕೊಟ್ಟು ಪಡೆಯುತ್ತಾರೆ. ಮನೆಯ ಮಾದರಿಯನ್ನು ರಚಿಸುವವರಿಗೆ ಸಾಮಾನ್ಯವಾಗಿ ಕೈಪಿಡಿಗಳೂ, ಪ್ರಕಟವಾದ ಕೋಷ್ಟಕಗಳೂ, ವೈಮಾನಿಕರ ಮಾತುಗಳೂ ಆಧಾರ. ಈ ಆಧಾರಗಳು ದಿನನಿತ್ಯದ ಹಾರಾಟವನ್ನು ಚೆನ್ನಾಗಿ ವಿವರಿಸುತ್ತವೆ. ಹಾರಾಟದ ಅಂಚಿನಲ್ಲಿ ಏನಾಗುವುದೆಂಬ ವಿಷಯದಲ್ಲಿ ಅವು ಬಹುಮಟ್ಟಿಗೆ ಮೌನವಾಗಿವೆ. ನಮ್ಮ ಪರೀಕ್ಷೆಗಳು ಒಳಗಿನಿಂದ ಈ ಅಂಚಿನ ಕಡೆಗೆ ಸಾಗುತ್ತವೆ.

ಮೊದಲನೆಯ ಪರೀಕ್ಷೆ: ಒಂದು ಸುತ್ತು

ಗಾಳಿ ಬೀಸದಂತೆ ಏರ್ಪಡಿಸಿ, ನಿಜವೇಗವನ್ನು ೨೫೦ ನಾಟ್‌ಗೆ ನಿಲ್ಲಿಸಿ, ವಿಮಾನವನ್ನು ೨೫ ಡಿಗ್ರಿ ವಾಲಿಸಿ, ಎತ್ತರ ಕೆಡದಂತೆ ಪೂರ್ಣ ಒಂದು ಸುತ್ತು ತಿರುಗಿರಿ. ಸುತ್ತಿನ ತ್ರಿಜ್ಯವನ್ನು ಪಡೆಯಬೇಕಾದರೆ ವೇಗದ ವರ್ಗವನ್ನು, ಗುರುತ್ವ ವೇಗೋತ್ಕರ್ಷ ಮತ್ತು ವಾಲುಕೋನದ ಟ್ಯಾಂಜೆಂಟ್ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ಹಾಗೆ ಮಾಡಿದರೆ ತ್ರಿಜ್ಯವು ಸುಮಾರು ೩,೬೦೦ ಮೀಟರ್, ಸುತ್ತಿಗೆ ಹಿಡಿಯುವ ಕಾಲ ೧೭೭ ಸೆಕೆಂಡು, ಎಂದರೆ ಮೂರು ನಿಮಿಷಕ್ಕೆ ಮೂರು ಸೆಕೆಂಡು ಕಡಿಮೆ.

ಈ ಲೆಕ್ಕದಲ್ಲಿ ವಿಮಾನದ ದ್ರವ್ಯರಾಶಿಯು ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು. ಇಪ್ಪತ್ತು ಟನ್ನಿನ ಜೆಟ್ ವಿಮಾನಕ್ಕೂ ಒಂದು ಟನ್ನಿನ ಪುಟ್ಟ ವಿಮಾನಕ್ಕೂ ಫಲ ಒಂದೇ. ಆದುದರಿಂದ ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಇದು ಸಿಆರ್‌ಜೆ ಅಥವಾ ಎಂಬ್ರೇಯರ್ ಎಂದು ಹೇಳುವಂತಿಲ್ಲ. ನ್ಯೂಟನ್ನನ ನಿಯಮವನ್ನು ಪಾಲಿಸುತ್ತಿದೆ ಎಂದಷ್ಟೇ ಹೇಳಬಹುದು. ಇದರಲ್ಲಿ ಸೋತ ಮಾದರಿಯನ್ನು ಮಾತ್ರ ಮುಂದೆ ಪರೀಕ್ಷಿಸಬೇಕಾದ ಅಗತ್ಯವಿಲ್ಲ.

ಎರಡನೆಯ ಪರೀಕ್ಷೆ: ತೂಕ ಮತ್ತು ಸ್ಟಾಲ್

ವೇಗ ಕಡಿಮೆಯಾದಂತೆ ವಿಮಾನವು ತನ್ನ ತೂಕವನ್ನು ಹೊರಲು ಎದುರುಕೋನವನ್ನು ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಕೋನವು ಒಂದು ಮಿತಿಯನ್ನು ಮೀರಿದೊಡನೆ ಗಾಳಿಯ ಹರಿವು ರೆಕ್ಕೆಯ ಮೇಲ್ಮೈಯಿಂದ ಬಿಡಿಸಿಕೊಂಡು ಚದರಿಹೋಗುತ್ತದೆ, ಎತ್ತುಬಲ ಕುಸಿಯುತ್ತದೆ. ಇದೇ ಸ್ಟಾಲ್. ಎತ್ತುಬಲವು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಸ್ಟಾಲ್ ಆಗುವ ವೇಗವು ತೂಕದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ತೂಕವನ್ನು ನೂರಕ್ಕೆ ೨೧ರಷ್ಟು ಹೆಚ್ಚಿಸಿದರೆ ಸ್ಟಾಲ್ ವೇಗವು ನೂರಕ್ಕೆ ೧೦ರಷ್ಟು ಹೆಚ್ಚಬೇಕು.

ಎತ್ತರವನ್ನೂ ರೆಕ್ಕೆಯ ಫ್ಲ್ಯಾಪುಗಳ ಸ್ಥಿತಿಯನ್ನೂ ಒಂದೇ ರೀತಿ ಇಟ್ಟು, ಎಂಜಿನನ್ನು ತಗ್ಗಿಸಿ, ವೇಗವು ಸೆಕೆಂಡಿಗೆ ಒಂದು ನಾಟಿನಷ್ಟು ಮಾತ್ರ ಇಳಿಯುವಂತೆ ನಿಧಾನಿಸಿರಿ. ಹಗುರವಾದ ವಿಮಾನವು ೧೧೦ ನಾಟ್‌ನಲ್ಲಿ ಸ್ಟಾಲ್ ಆಯಿತೆಂದು ಇಟ್ಟುಕೊಳ್ಳೋಣ. ಅದಕ್ಕೆ ನೂರಕ್ಕೆ ೨೧ರಷ್ಟು ಭಾರ ತುಂಬಿದಾಗ ಅದು ೧೨೧ ನಾಟ್‌ನ ಹತ್ತಿರ ಸ್ಟಾಲ್ ಆಗಬೇಕು. ಆಗದಿದ್ದರೆ ಆ ಮಾದರಿಯಲ್ಲಿ ಎಚ್ಚರಿಕೆಯ ಗಂಟೆಯನ್ನು ಒಂದು ನಿಶ್ಚಿತ ವೇಗಕ್ಕೆ ಕಟ್ಟಿಹಾಕಿರಬಹುದು. ರೆಕ್ಕೆಗೂ ಗಂಟೆಗೂ ಸಂಬಂಧವೇ ಇರಲಾರದು.

ಮೂರನೆಯ ಪರೀಕ್ಷೆ: ಎಂಜಿನು

ಮೋಟಾರು ಗಾಡಿಯ ವೇಗವರ್ಧಕವನ್ನು ತುಳಿದಂತೆ ಜೆಟ್ ಎಂಜಿನಿನ ಥ್ರಾಟಲನ್ನು ಮುಂದೆ ನೂಕಿದೊಡನೆ ಬಲವು ದೊರೆಯುವುದಿಲ್ಲ. ಒಳಗಿನ ಭಾರವಾದ ಚಕ್ರಗಳು ವೇಗವನ್ನು ಪಡೆಯಬೇಕು. ಮೊದಲು ನಿಧಾನವಾಗಿಯೂ ಅನಂತರ ತ್ವರೆಯಾಗಿಯೂ ಅವು ಮೇಲೇರುತ್ತವೆ. ಇಳಿಯುತ್ತಿರುವ ವಿಮಾನವು ಮತ್ತೆ ಮೇಲೇರಬೇಕಾದಾಗ, ಥ್ರಾಟಲನ್ನು ಮುಂದೂಡಿದ ೮ ಸೆಕೆಂಡುಗಳಲ್ಲಿ ದೊರೆಯುವ ನೂಕುಬಲದಿಂದಲೇ ಅದು ಗೊತ್ತಾದಷ್ಟು ಏರಬಲ್ಲದೆಂದು ತೋರಿಸಬೇಕೆಂಬುದು ಅಮೆರಿಕದ ವಾಯುಯಾನ ನಿಯಮ. ನಿಯಮವೇ ಇಷ್ಟು ಕಾಲವನ್ನು ಲೆಕ್ಕಕ್ಕೆ ಹಿಡಿದಿರುವಾಗ, ಮನೆಯ ಮಾದರಿಯು ಒಂದೇ ಸೆಕೆಂಡಿನಲ್ಲಿ ಪೂರ್ಣಬಲವನ್ನು ಕೊಟ್ಟರೆ ಅದನ್ನು ಸಂಶಯದಿಂದ ನೋಡಬೇಕು.

ಈ ಪರೀಕ್ಷೆಯ ಎರಡನೆಯ ಭಾಗವು ಇನ್ನೂ ಸ್ವಾರಸ್ಯವಾದುದು. ಸಿಆರ್‌ಜೆ ಮತ್ತು ಎಂಬ್ರೇಯರ್ ೧೪೫ ವಿಮಾನಗಳ ಎಂಜಿನುಗಳು ರೆಕ್ಕೆಯ ಕೆಳಗಿರದೆ, ಒಡಲಿನ ಹಿಂಭಾಗದಲ್ಲಿ, ಗುರುತ್ವಕೇಂದ್ರಕ್ಕಿಂತ ಮೇಲೆ ಇವೆ. ಬಾಗಿಲಿನ ಮೇಲಿನ ಅಂಚನ್ನು ನೂಕಿದಂತೆ, ಅಲ್ಲಿ ನೂಕುಬಲ ಹೆಚ್ಚಿದರೆ ಮೂತಿಯು ಕೆಳಕ್ಕೆ ಬಾಗಲೆಳಸುತ್ತದೆ. ನೂಕುಬಲವು ೪೦,೦೦೦ ನ್ಯೂಟನ್ನಿನಷ್ಟು ಹೆಚ್ಚಿ, ಅದರ ರೇಖೆಯು ಗುರುತ್ವಕೇಂದ್ರಕ್ಕಿಂತ ಒಂದು ಮೀಟರ್ ಮೇಲಿದ್ದರೆ, ತಿರುಗಿಸುವ ಬಲವು ೪೦,೦೦೦ ನ್ಯೂಟನ್-ಮೀಟರ್ ಆಗುವುದು. ಬೋಯಿಂಗ್ ೭೩೭ರಂತೆ ರೆಕ್ಕೆಯ ಕೆಳಗೆ ಎಂಜಿನುಗಳನ್ನು ತೂಗಹಾಕಿದ ವಿಮಾನದಲ್ಲಿ ಇದಕ್ಕೆ ವಿರುದ್ಧವಾಗಿ ಮೂತಿಯು ಮೇಲೇಳುತ್ತದೆ. ಆಟೋಪೈಲಟನ್ನು ಬಿಡಿಸಿ, ಸಮತಲ ಹಾರಾಟದಲ್ಲಿ ಸಮತೋಲ ಮಾಡಿ, ಥ್ರಾಟಲನ್ನು ಮುಂದೂಡಿ ಎಂಜಿನು ವೇಗವೇರುವ ಮೊದಲ ಎರಡು ಮೂರು ಸೆಕೆಂಡುಗಳಲ್ಲಿ ಮೂತಿ ಯಾವ ಕಡೆಗೆ ಹೊರಡುವುದೆಂದು ನೋಡಿರಿ. ಬೇರೊಂದು ವಿಮಾನದ ಲೆಕ್ಕಕ್ಕೆ ಸಿಆರ್‌ಜೆಯ ಬಣ್ಣ ಬಳಿದಿದ್ದರೆ ಈ ಕ್ಷಣದಲ್ಲಿ ಗುಟ್ಟು ಹೊರಬೀಳುತ್ತದೆ.

ನಾಲ್ಕನೆಯ ಪರೀಕ್ಷೆ: ೪೧,೦೦೦ ಅಡಿ

ಇದು ಕೊನೆಯದೂ ಮುಖ್ಯವಾದುದೂ ಆದ ಪರೀಕ್ಷೆ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ದ್ರವ್ಯರಾಶಿ ೧.೨೨೫ ಕಿಲೋಗ್ರಾಂ. ೪೧,೦೦೦ ಅಡಿಯ ಎತ್ತರದಲ್ಲಿ ಅದು ಸುಮಾರು ೦.೨೯ ಕಿಲೋಗ್ರಾಂ ಮಾತ್ರ, ಎಂದರೆ ಕಾಲುಭಾಗಕ್ಕೂ ಕಡಿಮೆ. ರೆಕ್ಕೆಗೆ ಆಧಾರ ಕಡಿಮೆಯಾಗುತ್ತದೆ. ಎಂಜಿನಿಗೆ ಉಸಿರು ಕಡಿಮೆಯಾಗುತ್ತದೆ.

ಆಟೋಪೈಲಟಿಗೆ “ನಿಮಿಷಕ್ಕೆ ೫೦೦ ಅಡಿ ಏರು” ಎಂದು ಅಪ್ಪಣೆ ಕೊಟ್ಟಿದ್ದೇವೆ ಎನ್ನೋಣ. ಇದು ಸೆಕೆಂಡಿಗೆ ೨.೫೪ ಮೀಟರ್. ವಿಮಾನದ ನಿಜವೇಗವು ಸೆಕೆಂಡಿಗೆ ೨೦೦ ಮೀಟರ್ ಆಗಿದ್ದರೆ, ಏರುವುದಕ್ಕಾಗಿ ಗಾಳಿಯ ತಡೆಯನ್ನು ಮೀರಿ ಉಳಿಯಬೇಕಾದ ನೂಕುಬಲವು ತೂಕದ ನೂರರಲ್ಲಿ ೧.೨೭ ಭಾಗ. ೧೭ ಟನ್ನಿನ ವಿಮಾನಕ್ಕೆ ಇದು ಸುಮಾರು ೨,೧೦೦ ನ್ಯೂಟನ್. ಎಂಜಿನಿನಲ್ಲಿ ಅಷ್ಟು ಉಳಿತಾಯ ಇಲ್ಲದಿದ್ದರೆ? ಆಟೋಪೈಲಟ್ ಸುಮ್ಮನಿರುವುದಿಲ್ಲ, ಮೂತಿಯನ್ನೆತ್ತಿ ಅಪ್ಪಣೆಯನ್ನು ನಡೆಸುತ್ತದೆ. ಬೇಕಾದ ಶಕ್ತಿಯು ವಿಮಾನದ ಚಲನಶಕ್ತಿಯಿಂದ ವೆಚ್ಚವಾಗುತ್ತದೆ. ಉಳಿತಾಯವು ಸೊನ್ನೆಯಾಗಿದ್ದರೆ ವೇಗವು ಪ್ರತಿ ನಿಮಿಷಕ್ಕೆ ಸೆಕೆಂಡಿಗೆ ೭.೫ ಮೀಟರಿನಂತೆ, ಎಂದರೆ ಸುಮಾರು ೧೫ ನಾಟಿನಂತೆ ಇಳಿಯುತ್ತದೆ. ವೇಗವು ಇಳಿದಂತೆಲ್ಲ ಎದುರುಕೋನ ಹೆಚ್ಚಿ, ಒಂದು ಹಂತದ ಮುಂದೆ ತಡೆಯೂ ಹೆಚ್ಚುತ್ತದೆ. ಆಗ ವೇಗವು ಇನ್ನೂ ತ್ವರೆಯಿಂದ ಇಳಿಯುತ್ತದೆ. ಸಾಲ ತೀರಿಸಲು ಸಾಲ ಮಾಡಿದವನ ಸ್ಥಿತಿ ವಿಮಾನಕ್ಕೆ ಬರುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ೨೦೦೪ರ ಅಕ್ಟೋಬರ್ ೧೪ರ ರಾತ್ರಿ, ಪಿನಕಲ್ ಏರ್‌ಲೈನ್ಸ್ ಸಂಸ್ಥೆಯ ೩೭೦೧ನೆಯ ಸಂಖ್ಯೆಯ ಸಿಆರ್‌ಜೆ ೨೦೦ ವಿಮಾನವು ಅಮೆರಿಕದ ಲಿಟಲ್ ರಾಕ್‌ನಿಂದ ಮಿನಿಯಾಪೊಲಿಸ್ ಕಡೆಗೆ ಹೊರಟಿತು. ಪ್ರಯಾಣಿಕರಿರಲಿಲ್ಲ, ಇದ್ದವರು ಇಬ್ಬರು ವೈಮಾನಿಕರು ಮಾತ್ರ. ಈ ಜಾತಿಯ ವಿಮಾನದ ಪರಮಾವಧಿ ಎತ್ತರವಾದ ೪೧,೦೦೦ ಅಡಿಯನ್ನು ಮುಟ್ಟಬೇಕೆಂದು ಅವರು ಬಯಸಿದರು. ಏರಿಕೆಯ ಕೊನೆಯ ಭಾಗದಲ್ಲಿ ಆಟೋಪೈಲಟನ್ನು ನಿಮಿಷಕ್ಕೆ ೫೦೦ ಅಡಿಯ ಏರಿಕೆಗೆ ಇಟ್ಟಿದ್ದರು. ವಿಮಾನವು ಎತ್ತರವನ್ನು ಮುಟ್ಟಿತು. ಆದರೆ ವೇಗವು ಕರಗಿಹೋಗಿತ್ತು. ಎಚ್ಚರಿಕೆಯ ಸಾಧನಗಳು ಕೆಲಸ ಮಾಡಿದುವು. ಮೂತಿಯನ್ನು ತಾನಾಗಿಯೇ ಕೆಳಕ್ಕೆ ನೂಕುವ ಸಾಧನವೂ ಕೆಲಸ ಮಾಡಿತು. ಪ್ರತಿ ಸಲವೂ ಮೂತಿಯನ್ನು ಮತ್ತೆ ಮೇಲೆತ್ತಲಾಯಿತು. ಸ್ಟಾಲ್ ಆದ ವಿಮಾನದಲ್ಲಿ ಗಾಳಿಯ ಹರಿವು ಕೆಟ್ಟು ಎರಡು ಎಂಜಿನುಗಳೂ ಆರಿದುವು. ಅವುಗಳನ್ನು ಗಾಳಿಯ ಬಲದಿಂದಲೇ ತಿರುಗಿಸಿ ಹೊತ್ತಿಸಬೇಕಾದರೆ ೩೦೦ ನಾಟ್ ವೇಗ ಬೇಕಾಗಿತ್ತು. ಆ ವೇಗವನ್ನು ಗಳಿಸಲಿಲ್ಲ. ಎಂಜಿನಿನ ಒಳಭಾಗಗಳು ತಿರುಗುವುದು ನಿಂತು ಬಿಗಿದುಕೊಂಡುವು. ವಿಮಾನವು ಜೆಫರ್ಸನ್ ಸಿಟಿಯ ಬಳಿ ನೆಲಕ್ಕೆ ಬಿದ್ದು ಇಬ್ಬರೂ ಮೃತರಾದರು. ನಿಗದಿಯಾದ ಕ್ರಮಗಳನ್ನು ವೈಮಾನಿಕರು ಮೀರಿದುದೇ ಮುಖ್ಯ ಕಾರಣಗಳಲ್ಲಿ ಒಂದೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ನಿರ್ಣಯಿಸಿತು. ಕನಿಷ್ಠ ವೇಗವನ್ನು ಕಾಪಾಡುವುದರ ಮಹತ್ವವನ್ನು ವಿಮಾನದ ಕೈಪಿಡಿಯು ಸ್ಪಷ್ಟವಾಗಿ ತಿಳಿಸಿರಲಿಲ್ಲವೆಂಬುದನ್ನೂ ಅದು ಎತ್ತಿ ಹೇಳಿತು.

ಈಗ ಮನೆಯ ಮಾದರಿಗೆ ಪೂರ್ಣ ಭಾರವನ್ನು ತುಂಬಿ, ಅದೇ ಅಪ್ಪಣೆಯನ್ನು ಕೊಟ್ಟು, ೩೫,೦೦೦ ಅಡಿಯ ಮೇಲೆ ವೇಗದ ಮಾಪಕವನ್ನು ನೋಡುತ್ತಿರಿ. ವೇಗವು ಇಳಿಯತೊಡಗಿದರೆ, ಮಾದರಿಯು ಸತ್ಯವನ್ನು ಹೇಳುತ್ತಿದೆ. ಸ್ವಲ್ಪವೂ ದಣಿಯದೆ ೪೧,೦೦೦ ಅಡಿಗೆ ಏರಿದರೆ, ಅದರ ಚಾಲಕಕೋಣೆಯು ಎಷ್ಟೇ ಸುಂದರವಾಗಿರಲಿ, ಇಬ್ಬರ ಪ್ರಾಣವನ್ನು ತೆಗೆದ ಸಂಗತಿಯನ್ನೇ ಅದು ಮರೆಮಾಚುತ್ತಿದೆ.

ಇಲ್ಲದಿರುವುದೂ ಸತ್ಯವೇ

ಒಳ್ಳೆಯ ಮಾದರಿಯೆಂದರೆ ಎಲ್ಲ ಅನುಕೂಲಗಳೂ ಇರುವುದೆಂಬ ಭಾವನೆ ಸಾಮಾನ್ಯವಾಗಿದೆ. ಸಿಆರ್‌ಜೆ ಮತ್ತು ಎಂಬ್ರೇಯರ್ ೧೪೫ ವಿಮಾನಗಳನ್ನು ವೇಗವನ್ನು ತಾನೇ ಕಾಪಾಡುವ ಆಟೋಥ್ರಾಟಲ್ ಇಲ್ಲದೆಯೇ ನಿರ್ಮಿಸಲಾಯಿತು. ಏರುವಾಗ, ಇಳಿಯುವಾಗ, ಸಮತಲಕ್ಕೆ ಬಂದಾಗ, ಪ್ರತಿ ಸಲವೂ ವೈಮಾನಿಕನೇ ಕೈಯಿಂದ ಎಂಜಿನಿನ ಬಲವನ್ನು ಹೊಂದಿಸಬೇಕು. ಎಂಬ್ರೇಯರ್ ೧೭೫ರಲ್ಲಿ ಆ ಅನುಕೂಲವಿದೆ. ಸಿಆರ್‌ಜೆಯ ಮಾದರಿಯನ್ನು ಕೊಂಡವನು “ಇದರಲ್ಲಿ ಆಟೋಥ್ರಾಟಲ್ ಇಲ್ಲ, ಇದು ಅಪೂರ್ಣ” ಎಂದು ದೂರಿದರೆ, ದೂರು ಸಲ್ಲಬೇಕಾದುದು ಮೂಲ ವಿಮಾನಕ್ಕೆ. ಆಟೋಥ್ರಾಟಲ್ ಇಲ್ಲದಿರುವುದೇ ಅದರ ಪ್ರಾಮಾಣಿಕತೆ. ಮೇಲೆ ಹೇಳಿದ ದುರಂತಕ್ಕೂ ಇದಕ್ಕೂ ಸಂಬಂಧವಿದೆ: ಆಟೋಪೈಲಟ್ ಏರಿಕೆಯನ್ನು ನೋಡಿಕೊಳ್ಳುತ್ತಿದ್ದಾಗ ವೇಗವನ್ನು ನೋಡಿಕೊಳ್ಳಬೇಕಾದವರು ಮನುಷ್ಯರೇ.

ಮನೆಯಲ್ಲಿ ದೊರೆಯದ ಸಂಗತಿಗಳು

ಕೆಲವು ಸಂಗತಿಗಳು ಎಷ್ಟು ಹಣ ಕೊಟ್ಟರೂ ಮೇಜಿನ ಮೇಲೆ ದೊರೆಯುವುದಿಲ್ಲ. ನಮ್ಮ ಒಳಕಿವಿಯು ವೇಗೋತ್ಕರ್ಷವನ್ನೂ ತಿರುಗುವಿಕೆಯನ್ನೂ ಅರಿಯುತ್ತದೆ. ಶಿಕ್ಷಣಯಂತ್ರಗಳು ಆರು ಕಾಲುಗಳ ವೇದಿಕೆಯ ಮೇಲೆ ವಾಲಿ, ಗುರುತ್ವವನ್ನೇ ವೇಗೋತ್ಕರ್ಷವೆಂದು ಆ ಅಂಗಕ್ಕೆ ಸ್ವಲ್ಪಮಟ್ಟಿಗೆ ಭ್ರಮೆ ಹುಟ್ಟಿಸುತ್ತವೆ. ಮನೆಯ ಕುರ್ಚಿಯು ಅಲುಗಾಡುವುದಿಲ್ಲ. ಅಗ್ಗದ ಜಾಯ್‌ಸ್ಟಿಕ್ಕಿನ ಒಳಗೆ ಸ್ಪ್ರಿಂಗ್ ಇದ್ದು ಅದು ಯಾವಾಗಲೂ ಮಧ್ಯಕ್ಕೇ ಮರಳುತ್ತದೆ. ನಿಜವಾದ ವಿಮಾನದಲ್ಲಿ ಟ್ರಿಮ್ ಚಕ್ರವನ್ನು ತಿರುಗಿಸುವುದು ಕೈಮೇಲಿನ ಭಾರವನ್ನು ಇಳಿಸುವುದಕ್ಕಾಗಿ. ಮನೆಯಲ್ಲಿ ಕೈಗೆ ಭಾರವೇ ತಿಳಿಯುವುದಿಲ್ಲವಾದುದರಿಂದ ಕಣ್ಣಿನಿಂದ ನೋಡಿ ತಿರುಗಿಸಬೇಕಾಗುತ್ತದೆ. ಸ್ಟಾಲ್ ಸಮೀಪಿಸಿದಾಗ ಹಿಡಿಯನ್ನು ಕೈಯಿಂದ ಕಿತ್ತುಕೊಳ್ಳುವಂತೆ ಮುಂದೆ ನೂಕುವ ಸಾಧನದ ಅನುಭ್ರವವೂ ಸಾಮಾನ್ಯ ಜಾಯ್‌ಸ್ಟಿಕ್ಕಿನಲ್ಲಿ ದೊರೆಯದು.

ಎಂಜಿನುಗಳು ಹಿಂಭಾಗದಲ್ಲಿರುವ ಈ ವಿಮಾನಗಳ ಬಾಲದ ಅಡ್ಡರೆಕ್ಕೆಯು ನೆಟ್ಟನೆಯ ಬಾಲದ ತುದಿಯಲ್ಲಿ ಕುಳಿತಿರುತ್ತದೆ. ಆಳವಾದ ಸ್ಟಾಲಿನಲ್ಲಿ ಮುಂದಿನ ರೆಕ್ಕೆಯ ಚದರಿದ ಗಾಳಿಯು ಅದನ್ನು ಮುಸುಕಿ, ಮೂತಿಯನ್ನು ಇಳಿಸುವ ಶಕ್ತಿಯನ್ನೇ ಕಸಿದುಕೊಳ್ಳಬಹುದು. ೧೯೬೩ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಬಿಎಸಿ ಒನ್-ಇಲೆವೆನ್ ವಿಮಾನದ ಮೊದಲ ಪ್ರತಿಯು ಹೀಗೆಯೇ ಬಿದ್ದು ಏಳು ಜನ ಮಡಿದರು. ಸಿಆರ್‌ಜೆಯ ಪೂರ್ವಜವಾದ ಚಾಲೆಂಜರ್ ವಿಮಾನದ ಮೊದಲ ಪ್ರತಿಯೂ ೧೯೮೦ರಲ್ಲಿ ಸ್ಟಾಲ್ ಪರೀಕ್ಷೆಯ ವೇಳೆಯಲ್ಲಿಯೇ ನಾಶವಾಯಿತು. ಇಂಥ ಸ್ಥಿತಿಯ ಅಂಕೆಗಳನ್ನು ಪಡೆಯುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯುತ್ತದೆ. ಬಹುಕಾಲದವರೆಗೆ ವೃತ್ತಿಪರ ಸಿಮ್ಯುಲೇಟರುಗಳು ಕೂಡ ಸ್ಟಾಲಿನ ಹೊಸ್ತಿಲವರೆಗೆ ಮಾತ್ರ ನಂಬತಕ್ಕವಾಗಿದ್ದುವು. ಪೂರ್ಣ ಸ್ಟಾಲಿನ ಶಿಕ್ಷಣವನ್ನು ಸಿಮ್ಯುಲೇಟರಿನಲ್ಲಿ ಕೊಡಬೇಕೆಂದು ಅಮೆರಿಕದ ಸರಕಾರವು ೨೦೧೩ರಲ್ಲಿ ನಿಯಮ ಮಾಡಿ, ೨೦೧೯ರ ಮಾರ್ಚ್‌ವರೆಗೆ ಅವಧಿಯನ್ನು ಕೊಟ್ಟಿತು. ಅದಕ್ಕಾಗಿ ಯಂತ್ರಗಳ ಲೆಕ್ಕಗಳನ್ನೇ ವಿಸ್ತರಿಸಬೇಕಾಯಿತು. ಹೀಗಿರಲಾಗಿ, ಮನೆಯ ಮಾದರಿಯು ಸ್ಟಾಲಿನ ಆಚೆ ಏನನ್ನು ತೋರಿಸಿದರೂ ಅದನ್ನು ಊಹೆಯೆಂದೇ ಭಾವಿಸುವುದು ಲೇಸು.

ಕೊನೆಯ ಮಾತು

ನಮ್ಮ ವಿದ್ಯಾರ್ಥಿಯು ಈ ನಾಲ್ಕು ಪರೀಕ್ಷೆಗಳನ್ನೂ ಒಂದು ಭಾನುವಾರ ಮಾಡಿ, ಫಲಗಳನ್ನು ಪ್ರಯೋಗಶಾಲೆಯ ಪುಸ್ತಕದಲ್ಲಿ ಬರೆದು ತಂದನು. ಸುತ್ತು ಸರಿಯಾಗಿತ್ತು. ಸ್ಟಾಲ್ ವೇಗವು ತೂಕದೊಡನೆ ಸರಿಯಾಗಿ ಬದಲಾಗಿತ್ತು. ಎಂಜಿನು ಸ್ವಲ್ಪ ಆತುರದ್ದಾಗಿತ್ತು. ನಾಲ್ಕನೆಯದರಲ್ಲಿ ವಿಮಾನವು ಪೂರ್ಣ ಭಾರವನ್ನು ಹೊತ್ತು, ವೇಗವನ್ನು ಕಳೆದುಕೊಳ್ಳದೆ ೪೧,೦೦೦ ಅಡಿಗೆ ಏರಿಬಿಟ್ಟಿತ್ತು. “ಹಾಗಾದರೆ ಇದನ್ನು ತೆಗೆದುಹಾಕಲೇ ಸಾರ್?” ಎಂದು ಕೇಳಿದನು. ಬೇಡವೆಂದೆವು. ಪುಸ್ತಕದ ಮೊದಲ ಪುಟದಲ್ಲಿ “೩೫,೦೦೦ ಅಡಿಯ ಮೇಲೆ ಇದನ್ನು ನಂಬತಕ್ಕದ್ದಲ್ಲ” ಎಂದು ಬರೆದುಕೊಂಡು, ಅದರ ಕೆಳಗೆ ಹಾರಿಸುತ್ತಿರಲು ಹೇಳಿದೆವು. ಯಾವ ಮಾದರಿಯೂ ಎಲ್ಲೆಡೆಯಲ್ಲಿ ಸತ್ಯವಾಗಿರುವುದಿಲ್ಲ. ಅದು ಎಲ್ಲಿಯವರೆಗೆ ಸತ್ಯವೆಂದು ಅಳೆದು ತಿಳಿದವನಿಗೆ ಅಪೂರ್ಣವಾದ ಮಾದರಿಯಿಂದಲೂ ಪ್ರಯೋಜನವುಂಟು. ಅಳೆಯದವನಿಗೆ ಉತ್ತಮವಾದ ಮಾದರಿಯಿಂದಲೂ ಅಪಾಯವುಂಟು.

ಅಭ್ಯಾಸ

೧. ನಿಜವೇಗವನ್ನು ಎರಡರಷ್ಟು ಮಾಡಿ, ವಾಲುಕೋನವನ್ನು ೨೫ ಡಿಗ್ರಿಯಲ್ಲಿಯೇ ಇಟ್ಟರೆ ಸುತ್ತಿನ ತ್ರಿಜ್ಯವೂ ಕಾಲವೂ ಎಷ್ಟು ಪಾಲು ಹೆಚ್ಚುವುವು? (ತ್ರಿಜ್ಯ ನಾಲ್ಕರಷ್ಟು, ಕಾಲ ಎರಡರಷ್ಟು.)

೨. ಅದೇ ೧೭ ಟನ್ನಿನ ವಿಮಾನಕ್ಕೆ ನಿಮಿಷಕ್ಕೆ ೧,೦೦೦ ಅಡಿ ಏರಲು ಅಪ್ಪಣೆಯಿತ್ತರೆ ಎಷ್ಟು ಉಳಿತಾಯ ನೂಕುಬಲ ಬೇಕು? ಅದು ಸ್ವಲ್ಪವೂ ಇಲ್ಲದಿದ್ದರೆ ಒಂದು ನಿಮಿಷದಲ್ಲಿ ವೇಗವೆಷ್ಟು ಇಳಿಯುವುದು? ಲೆಕ್ಕಮಾಡಿ, ತಮ್ಮ ಮನೆಯ ವಿಮಾನದೊಡನೆ ಹೋಲಿಸಿ ನೋಡಿರಿ.